ಗಣಕದೊಳಗಿನ ವಂಶಾವಳಿ: ತಾಯಿ ಪ್ರಕ್ರಿಯೆ, ಮಗು ಪ್ರಕ್ರಿಯೆ

ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ನಮ್ಮ ಹಿರಿಯರಿಗೆ ಹೆಳವರ ಪರಿಚಯ ಇದ್ದೇ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೇರಿ ಬಂದು, ಅಂಗಳದಲ್ಲಿ ನಿಂತು, ಆ ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿರುವ ಕೂಸಿನವರೆಗೆ ಹೆಸರುಗಳನ್ನು ಹೇಳಿ, ಕಾಳುಕಡಿ ಪಡೆದು ಮುಂದಿನ ಊರಿಗೆ ಸಾಗುವವರು ಅವರು. ನಾವು ಈಗ ನೆಲೆಸಿರುವ ಗುಜರಾತಿನಲ್ಲಿ ಇದೇ ಕಾಯಕವನ್ನು ವಹೀವಂಚಾ ಬಾರೋಟರು ನಡೆಸಿಕೊಂಡು ಬಂದಿದ್ದಾರೆ. ವಹಿಯನ್ನು ಓದಿ ಹೇಳುವವರು ಎಂಬುದೇ ಆ ಹೆಸರಿನ ಅರ್ಥ. ಕನ್ನಡದಲ್ಲಿಯೂ ಲೆಕ್ಕದ ಪುಸ್ತಕಕ್ಕೆ ವಹಿ ಎನ್ನುವುದುಂಟು. ಯಾರು ಯಾರ ಮಗ, ಯಾವ ಕವಲು ಎಲ್ಲಿ ಒಡೆಯಿತು, ಯಾವ ಮನೆತನ ಯಾವ ಊರಿಗೆ ಹೋಗಿ ನೆಲೆಸಿತು ಎಂಬುದೆಲ್ಲ ಅವರ ಪುಸ್ತಕಗಳಲ್ಲಿ ಸಿಗುತ್ತದೆ.

ನಮ್ಮ ಮೇಜಿನ ಮೇಲಿರುವ ಗಣಕಯಂತ್ರದೊಳಗೂ ಇಂತಹದೇ ಒಂದು ವಂಶಾವಳಿ ಕ್ಷಣಕ್ಷಣಕ್ಕೂ ಬರೆಯಲ್ಪಡುತ್ತಿರುತ್ತದೆ. ಅದನ್ನು ಓದುವ ವಿಧಾನ ಕಠಿಣವಾದುದೇನಲ್ಲ. ನಾನು ಕಲಾ ವಿಭಾಗದ ಪದವೀಧರ, ವೃತ್ತಿಯಿಂದ ಬ್ಯಾಂಕ್ ನೌಕರ. ಇಂಜಿನಿಯರಿಂಗ್ ಓದದವನಿಗೂ ಇದು ಅರ್ಥವಾಗುತ್ತದೆ ಎಂಬ ಭರವಸೆಯಿಂದಲೇ ಈ ಲೇಖನ ಬರೆಯುತ್ತಿದ್ದೇನೆ. ಎಲ್.ಡಿ. ಇಂಜಿನಿಯರಿಂಗ್ ಕಾಲೇಜಿನಲ್ಲೋ ಸೂರತ್ತಿನ ಎಸ್‌ವಿಎನ್‌ಐಟಿಯಲ್ಲೋ ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲೋ ಗಣಕ ವಿಜ್ಞಾನ ಓದುತ್ತಿರುವ ನಮ್ಮ ಮನೆಗಳ ಮಕ್ಕಳಿಗೆ ಇದು ತರಗತಿಯ ಪಾಠ. ಅವರ ತಂದೆತಾಯಿಯರಿಗೂ ಇದು ತಿಳಿದಿರಬೇಕಾದ ವಿಷಯವೆಂದು ನನ್ನ ಅಭಿಪ್ರಾಯ. ಕಾರಣ ಮುಂದೆ ಬರುತ್ತದೆ.

ಮೊದಲು ‘ಪ್ರಕ್ರಿಯೆ’ ಎಂದರೇನೆಂದು ನೋಡೋಣ. ತಂತ್ರಾಂಶವೆಂಬುದು ಡಿಸ್ಕಿನ ಮೇಲೆ ಸುಮ್ಮನೆ ಮಲಗಿರುವ ಬರಹ. ಅಡುಗೆ ಪುಸ್ತಕದಲ್ಲಿರುವ ಬಿಸಿಬೇಳೆ ಭಾತಿನ ವಿಧಾನದಂತೆ. ಅದನ್ನು ನಡೆಯಲು ಬಿಟ್ಟಾಗ, ಅಂದರೆ ಒಲೆಯ ಮೇಲೆ ಪಾತ್ರೆ ಏರಿದಾಗ, ಅದು ಪ್ರಕ್ರಿಯೆ ಎನಿಸಿಕೊಳ್ಳುತ್ತದೆ. ಒಂದೇ ವಿಧಾನದಿಂದ ಏಕಕಾಲದಲ್ಲಿ ಮೂರು ಒಲೆಗಳ ಮೇಲೆ ಅಡುಗೆ ನಡೆಯಬಹುದು. ಹಾಗೆಯೇ ಒಂದೇ ತಂತ್ರಾಂಶದಿಂದ ಮೂರು ಪ್ರಕ್ರಿಯೆಗಳು ನಡೆಯಬಹುದು. ಪ್ರತಿಯೊಂದಕ್ಕೂ ಗಣಕವು ಒಂದು ಸಂಖ್ಯೆಯನ್ನು ಕೊಡುತ್ತದೆ. ಅದಕ್ಕೆ ಪಿಐಡಿ ಎಂದು ಹೆಸರು. ಅದರ ಜೊತೆಗೇ ತಾಯಿಯ ಸಂಖ್ಯೆಯನ್ನೂ ಬರೆದಿಡುತ್ತದೆ, ಅದು ಪಿಪಿಐಡಿ. ತಾಯಿ ಎಂಬ ಮಾತನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಇಲ್ಲಿ ಪ್ರತಿ ಮಗುವಿಗೂ ಹೆತ್ತವರು ಒಬ್ಬರೇ. ದಕ್ಷಿಣ ಕನ್ನಡದ ಅಳಿಯಸಂತಾನದ ಮನೆತನಗಳಂತೆ ಕುಲವೆಲ್ಲ ಒಂದೇ ಎಳೆಯಲ್ಲಿ ಇಳಿದುಬರುತ್ತದೆ.

ಈ ಪದ್ಧತಿ ಹಳೆಯದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಕಟ್ಟತೊಡಗಿದರು. ಹೊಸ ಪ್ರಕ್ರಿಯೆಯನ್ನು ಹುಟ್ಟಿಸಲು ಅವರು ಬಳಸಿದ ಉಪಾಯದ ಹೆಸರು ‘ಫೋರ್ಕ್’, ಅಂದರೆ ಕವಲೊಡೆಯುವುದು. ಆ ಪದವನ್ನು ಮೆಲ್ವಿನ್ ಕಾನ್ವೇ ಎಂಬವರು 1963ರಲ್ಲಿಯೇ ಬಳಸಿದ್ದರು. ಯುನಿಕ್ಸಿನ ಫೋರ್ಕ್‌ನ ಸೊಗಸೆಂದರೆ, ತಾಯಿ ಪ್ರಕ್ರಿಯೆಯು ತನ್ನಂತೆಯೇ ಇರುವ ಇನ್ನೊಂದು ಪ್ರತಿಯನ್ನು ಹೆರುತ್ತದೆ. ತಾಯಿ ತೆರೆದಿಟ್ಟ ಕಡತಗಳು, ತಾಯಿ ನಿಂತಿರುವ ಕಡತಕೋಶ, ತಾಯಿಯ ಅಧಿಕಾರಗಳು, ಎಲ್ಲವೂ ಮಗುವಿಗೆ ಬರುತ್ತವೆ. ಆ ಗಳಿಗೆಯಲ್ಲಿ ತಾನು ಯಾರೆಂದು ಎರಡಕ್ಕೂ ತಿಳಿಯಬೇಕಲ್ಲ? ಅದಕ್ಕಾಗಿ ಫೋರ್ಕ್ ಇಬ್ಬರಿಗೂ ಬೇರೆ ಬೇರೆ ಉತ್ತರ ಕೊಡುತ್ತದೆ: ತಾಯಿಗೆ ಮಗುವಿನ ಸಂಖ್ಯೆ, ಮಗುವಿಗೆ ಸೊನ್ನೆ. ಅನಂತರ ಮಗು ಸಾಮಾನ್ಯವಾಗಿ ‘ಎಕ್ಸೆಕ್’ ಎಂಬ ಇನ್ನೊಂದು ಕರೆಯ ಮೂಲಕ ತಾಯಿಯ ವೇಷ ಕಳಚಿ ಬೇರೆ ತಂತ್ರಾಂಶದ ವೇಷ ತೊಡುತ್ತದೆ. ಸಂಖ್ಯೆ ಮಾತ್ರ ಅದೇ ಉಳಿಯುತ್ತದೆ.

ಆಸ್ತಿ ಹೀಗೆ ತಾಯಿಯಿಂದ ಮಗುವಿಗೆ ಹರಿಯುತ್ತದೆ, ಮೇಲ್ಮುಖವಾಗಿ ಹರಿಯುವುದಿಲ್ಲ. ಮಗು ಬೇರೆ ಕಡತಕೋಶಕ್ಕೆ ಹೋದರೆ ತಾಯಿ ಅಲ್ಲಿಗೆ ಹೋಗುವುದಿಲ್ಲ. ಮಗು ಯಾವುದೋ ಸ್ಥಿತಿಯನ್ನು ಬದಲಾಯಿಸಿಕೊಂಡರೆ ತಾಯಿಗೆ ಅದರ ಗಾಳಿಯೂ ಸೋಕದು. ಮಕ್ಕಳನ್ನು ಬೆಂಗಳೂರಿಗೋ ಅಮೆರಿಕಕ್ಕೋ ಕಳುಹಿಸಿ ಕುಳಿತಿರುವ ನಮ್ಮಲ್ಲಿ ಹಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ನೋಡುವ ವಿಧಾನ. ಲಿನಕ್ಸ್ ಇರುವ ಗಣಕದಲ್ಲಿ ಟರ್ಮಿನಲ್ ಎಂಬ ಕಿಟಕಿಯನ್ನು ತೆರೆಯಿರಿ. ಇಲ್ಲಿ ಚಿತ್ರಗಳಿಲ್ಲ, ಆದೇಶವನ್ನು ಬೆರಳಚ್ಚು ಮಾಡಬೇಕು, ಉತ್ತರ ಅಕ್ಷರಗಳಲ್ಲಿ ಬರುತ್ತದೆ. ಪಿ, ಎಸ್ ಎಂಬ ಎರಡು ಸಣ್ಣ ಆಂಗ್ಲ ಅಕ್ಷರಗಳು, ಒಂದು ತೆರಪು, ಒಂದು ಕಿರುಗೆರೆ, ಅದಕ್ಕೆ ಅಂಟಿಸಿ ಇ, ಎಫ್. ಇಷ್ಟು ಹೊಡೆದು ಎಂಟರ್ ಒತ್ತಿದರೆ ಉದ್ದನೆಯ ಪಟ್ಟಿ ಮೂಡುತ್ತದೆ. ಅದರ ಮೊದಲ ಅಂಕಣದಲ್ಲಿ ಬಳಕೆದಾರನ ಹೆಸರು, ಎರಡನೆಯದರಲ್ಲಿ ಪ್ರಕ್ರಿಯೆಯ ಸಂಖ್ಯೆ, ಮೂರನೆಯದರಲ್ಲಿ ತಾಯಿಯ ಸಂಖ್ಯೆ, ಮುಂದೆ ಪ್ರಾರಂಭವಾದ ಸಮಯ, ಯಾವ ಟರ್ಮಿನಲ್‌ನಿಂದ ಹುಟ್ಟಿತು ಎಂಬ ವಿವರ, ಕೊನೆಯಲ್ಲಿ ಆದೇಶದ ಹೆಸರು. ಮೂರನೆಯ ಅಂಕಣದ ಸಂಖ್ಯೆಯನ್ನು ಹಿಡಿದು ಎರಡನೆಯ ಅಂಕಣದಲ್ಲಿ ಹುಡುಕಿದರೆ ತಾಯಿ ಸಿಗುತ್ತಾಳೆ. ಅವಳ ಮೂರನೆಯ ಅಂಕಣದಿಂದ ಅಜ್ಜಿ. ಲೆಡ್ಜರಿನಲ್ಲಿ ಒಂದು ನಮೂದಿನಿಂದ ಹಿಂದಿನ ಪುಟಕ್ಕೆ ಹೋದಂತೆಯೇ ಈ ಕೆಲಸ.

ಅಷ್ಟು ತಾಳ್ಮೆ ಇಲ್ಲದವರಿಗೆ ಅದೇ ಆದೇಶದ ಕೊನೆಯಲ್ಲಿ ಎರಡು ಕಿರುಗೆರೆ ಹಾಕಿ ‘ಫಾರೆಸ್ಟ್’ ಎಂದು ಸೇರಿಸಿದರೆ ಮಕ್ಕಳ ಹೆಸರುಗಳು ತಾಯಿಯ ಕೆಳಗೆ ಒಳಸರಿದು ಬರುತ್ತವೆ. ಇನ್ನೂ ಅಚ್ಚುಕಟ್ಟಾದದ್ದು ‘ಪಿಎಸ್‌ಟ್ರೀ’ ಎಂಬ ಆದೇಶ. ಕೆಲವು ಗಣಕಗಳಲ್ಲಿ ಅದು ಇರದಿದ್ದರೆ ‘ಪಿಎಸ್‌ಮಿಸ್ಕ್’ ಎಂಬ ಪೊಟ್ಟಣವನ್ನು ಸ್ಥಾಪಿಸಿಕೊಳ್ಳಬೇಕು. ಪಿಎಸ್‌ಟ್ರೀಯ ಮುಂದೆ ಕಿರುಗೆರೆ ಪಿ ಎಂದು ಹಾಕಿದರೆ ಹೆಸರಿನ ಪಕ್ಕದಲ್ಲಿ ಸಂಖ್ಯೆಯೂ ಬರುತ್ತದೆ. ಟರ್ಮಿನಲ್‌ನಲ್ಲಿ ಅದನ್ನು ನಡೆಸಿದಾಗ ಕಾಣುವ ಒಂದು ಕೊಂಬೆ ಸುಮಾರು ಹೀಗಿರುತ್ತದೆ:

ಸಿಸ್ಟಮ್‌ಡಿ(1) ── ಸಿಸ್ಟಮ್‌ಡಿ(1640) ── ಗ್ನೋಮ್-ಟರ್ಮಿನಲ್(2310) ── ಬ್ಯಾಶ್(2325) ── ಪಿಎಸ್‌ಟ್ರೀ(2480)

ಎಡತುದಿಯಲ್ಲಿರುವ 1 ಎಲ್ಲರ ಮೂಲಪುರುಷ. ಹಿಂದೆ ಅದರ ಹೆಸರು ‘ಇನಿಟ್’ ಎಂದಿತ್ತು. 2010ರಲ್ಲಿ ಬಂದ ಸಿಸ್ಟಮ್‌ಡಿ ಈಗ ಬಹುತೇಕ ಲಿನಕ್ಸ್‌ಗಳಲ್ಲಿ ಆ ಗಾದಿಯನ್ನು ಏರಿದೆ. ಆಪಲ್ ಗಣಕಗಳಲ್ಲಿ ಅದೇ ಸ್ಥಾನದಲ್ಲಿ ‘ಲಾಂಚ್‌ಡಿ’ ಇರುತ್ತದೆ. 1640 ಎಂಬುದು ಒಳಗೆ ಪ್ರವೇಶಿಸಿದ ಬಳಕೆದಾರನ ಪರವಾಗಿ ನಿಂತ ಮೇಲ್ವಿಚಾರಕ. 2325 ಎಂಬ ಬ್ಯಾಶ್, ನಾವು ಹೊಡೆದ ಆದೇಶಗಳನ್ನು ಓದುವ ಗುಮಾಸ್ತ. ಬಲತುದಿಯ ಎಲೆ ಯಾರೆಂದು ಗಮನಿಸಿ: ವಂಶಾವಳಿ ಹೇಳಲು ಬಂದ ಹೆಳವನೇ! ತನ್ನ ಹೆಸರನ್ನೂ ಅವನು ಪಟ್ಟಿಯಲ್ಲಿ ಓದಿ, ಓದಿ ಮುಗಿದ ಕೂಡಲೇ ಮಾಯವಾಗುತ್ತಾನೆ.

ಪಟ್ಟಿಯಲ್ಲಿ ಎರಡು ಗುರುತುಗಳು ಹೊಸಬರನ್ನು ಗೊಂದಲಕ್ಕೆ ಈಡುಮಾಡುತ್ತವೆ. ಒಂದೇ ಹೆಸರಿನ ನಾಲ್ಕು ಅವಳಿ ಮಕ್ಕಳಿದ್ದರೆ ಜಾಗ ಉಳಿಸಲು 4 ಎಂದು ಬರೆದು ನಕ್ಷತ್ರ ಚಿಹ್ನೆ ಹಾಕಿ ಒಮ್ಮೆ ಮಾತ್ರ ಹೆಸರಿಸಲಾಗುತ್ತದೆ. ಆದರೆ ಸಂಖ್ಯೆಗಳನ್ನು ಕೇಳಿದಾಗ ಪ್ರತಿಯೊಂದನ್ನೂ ಬಿಡಿಸಿ ತೋರಿಸಲಾಗುತ್ತದೆ. ಹೂಆವರಣದೊಳಗೆ ಕಾಣುವವು ಮಕ್ಕಳಲ್ಲ, ಒಂದೇ ಪ್ರಕ್ರಿಯೆಯೊಳಗಿನ ಎಳೆಗಳು. ಒಬ್ಬ ವ್ಯಕ್ತಿಯ ಎರಡು ಕೈಗಳೆನ್ನಬಹುದು. ಒಂದೇ ಪ್ರಕ್ರಿಯೆಯ ಪೂರ್ವಿಕರು ಬೇಕಿದ್ದರೆ ಪಿಎಸ್‌ಟ್ರೀಗೆ ಕಿರುಗೆರೆ ಎಸ್ ಸೇರಿಸಿ ಆ ಸಂಖ್ಯೆ ಕೊಟ್ಟರಾಯಿತು.

ಇಷ್ಟೆಲ್ಲ ಏಕೆ ಬೇಕು? ನನ್ನ ಅನುಭವದ ಒಂದು ಪ್ರಸಂಗ ಹೇಳುತ್ತೇನೆ. 1990ರ ದಶಕದಲ್ಲಿ ಅನೇಕ ಬ್ಯಾಂಕ್ ಶಾಖೆಗಳಲ್ಲಿ ಒಂದು ಯುನಿಕ್ಸ್ ಗಣಕ, ಅದಕ್ಕೆ ಜೋಡಿಸಿದ ಹಲವು ಟರ್ಮಿನಲ್‌ಗಳು ಇರುತ್ತಿದ್ದವು. ಒಂದು ಸಂಜೆ ನಮ್ಮ ಶಾಖೆಯಲ್ಲಿ ದಿನಾಂತ್ಯದ ಕೆಲಸ ನಿಂತುಹೋಯಿತು. ಒಬ್ಬ ಬಳಕೆದಾರ ಇನ್ನೂ ಒಳಗಿದ್ದಾನೆ ಎಂದು ಯಂತ್ರ ಹಟ ಹಿಡಿಯಿತು. ಒಂದು ಕೌಂಟರಿನ ಪರದೆ ಮಧ್ಯಾಹ್ನವೇ ಸ್ತಬ್ಧವಾಗಿತ್ತು. ಅಲ್ಲಿದ್ದ ಸಹೋದ್ಯೋಗಿ ಪಕ್ಕದ ಟರ್ಮಿನಲ್‌ಗೆ ಹೋಗಿ ಕೆಲಸ ಮುಂದುವರಿಸಿದ್ದರು. ಸ್ತಬ್ಧವಾದ ಕಾರ್ಯಕ್ರಮವನ್ನು ಕೊಂದುಬಿಡಿ ಎಂದು ಎಲ್ಲರೂ ಸಲಹೆ ಕೊಟ್ಟರು. ನಿರ್ವಹಣೆಗೆ ಬಂದಿದ್ದ ತರುಣ ಇಂಜಿನಿಯರ್ ಮಾತ್ರ ಅವಸರಪಡದೆ ಪಟ್ಟಿ ತೆಗೆದು ಮೂರನೆಯ ಅಂಕಣದ ಮೇಲೆ ಬೆರಳಿಟ್ಟರು. ವೋಚರ್ ನಮೂದಿಸುವ ಕಾರ್ಯಕ್ರಮ ಕೆಟ್ಟಿರಲಿಲ್ಲ. ಮುದ್ರಣಕ್ಕೆಂದು ಅದು ಹೆತ್ತ ಮಗುವೊಂದು ಪ್ರಿಂಟರಿಗಾಗಿ ಕಾಯುತ್ತ ಕುಳಿತಿತ್ತು. ಮಗು ಬರಲೆಂದು ತಾಯಿ ಕಾಯುತ್ತಿತ್ತು. ಆ ಕೌಂಟರಿನ ಅರ್ಧ ದಿನದ ವೋಚರುಗಳು ಇನ್ನೂ ಡಿಸ್ಕಿಗೆ ಇಳಿಯದೆ ತಾಯಿಯ ಮಡಿಲಲ್ಲಿಯೇ ಇದ್ದವು. ಅವರು ಮಗುವಿನ ಸಂಖ್ಯೆಯನ್ನು ಮಾತ್ರ ಕೊಟ್ಟು ಅದನ್ನು ನಿಲ್ಲಿಸಿದರು. ತಾಯಿ ಎಚ್ಚೆತ್ತು, ಬರೆಯಬೇಕಾದುದನ್ನು ಬರೆದು, ತಾನಾಗಿ ಹೊರಬಂದಿತು. ಬೇರೊಂದು ಬ್ಯಾಂಕಿನ ಶಾಖೆಯಲ್ಲಿ ಇಂತಹದೇ ಸಂದರ್ಭದಲ್ಲಿ ತಾಯಿಯನ್ನೇ ಕೊಂದು, ವೋಚರುಗಳನ್ನು ಮತ್ತೆ ಮೊದಲಿನಿಂದ ನಮೂದಿಸುತ್ತ ಸಿಬ್ಬಂದಿ ರಾತ್ರಿ ಬಹಳ ಹೊತ್ತು ಕುಳಿತಿದ್ದರೆಂದು ಆಮೇಲೆ ಕೇಳಿದೆ.

‘ಕಿಲ್’ ಎಂಬ ಆದೇಶದ ಹೆಸರು ಕ್ರೂರವಾಗಿದ್ದರೂ ಅದರ ಸಹಜ ರೂಪ ಸೌಮ್ಯವಾದುದು. ಬರಿದೇ ಸಂಖ್ಯೆ ಕೊಟ್ಟರೆ 15ನೆಯ ಸಂಕೇತ ಹೋಗುತ್ತದೆ: ದಯವಿಟ್ಟು ಕೆಲಸ ಮುಗಿಸಿಕೊಂಡು ಹೊರಡಿ ಎಂಬ ಕೋರಿಕೆ ಅದು. 9ನೆಯ ಸಂಕೇತಕ್ಕೆ ಮರುಮಾತಿಲ್ಲ. ಕಡತ ಮುಚ್ಚಲೂ ಉಸಿರು ಸಿಗುವುದಿಲ್ಲ. ಇಂದಿನ ಹುಡುಗರು ಮೊದಲ ಹೆಜ್ಜೆಯಲ್ಲೇ 9 ಹೊಡೆಯುವುದನ್ನು ಕಂಡಿದ್ದೇನೆ. ಅದು ನನಗೆ ಹಿಡಿಸದ ಅಭ್ಯಾಸ.

ತಾಯಿ ಸತ್ತರೆ ಮಕ್ಕಳ ಗತಿಯೇನು? ತಾಯಿಯೊಡನೆ ಮಕ್ಕಳೂ ಹೋಗುತ್ತಾರೆಂದು ಬಹಳ ಜನ ಭಾವಿಸುತ್ತಾರೆ. ಯುನಿಕ್ಸಿನಲ್ಲಿ ಹಾಗೆ ನಿಯಮವಿಲ್ಲ. ಅನಾಥ ಮಗುವನ್ನು ಮೂಲಪುರುಷನಾದ 1ನೆಯ ಪ್ರಕ್ರಿಯೆ ದತ್ತು ತೆಗೆದುಕೊಳ್ಳುತ್ತದೆ. ಲಿನಕ್ಸಿನಲ್ಲಿ 2012ರಿಂದ, ಅದಕ್ಕೆಂದೇ ನಾಮಾಂಕಿತನಾದ ಹತ್ತಿರದ ಪೂರ್ವಿಕನೊಬ್ಬನಿದ್ದರೆ ಅವನೇ ಆ ಹೊಣೆ ಹೊರುತ್ತಾನೆ. ಮಗುವಿನ ಪಿಐಡಿ ಬದಲಾಗುವುದಿಲ್ಲ, ಕೆಲಸ ನಿಲ್ಲುವುದಿಲ್ಲ. ತಾಯಿಯ ಅಂಕಣದಲ್ಲಿ ಮಾತ್ರ ಹೊಸ ಸಂಖ್ಯೆ ಕಾಣಿಸುತ್ತದೆ.

ಇದನ್ನು ಓದುವಾಗ ನಮ್ಮ ಕನ್ನಡ ಬ್ಯಾಂಕ್ ನೌಕರರಿಗೆ 2019ರ ಏಪ್ರಿಲ್ 1 ನೆನಪಾದರೆ ಆಶ್ಚರ್ಯವಿಲ್ಲ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ಆ ದಿನ, ದೇನಾ ಬ್ಯಾಂಕಿನೊಡನೆ, 1908ರಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು ಇದೇ ವಡೋದರಾದಲ್ಲಿ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಕೆಲಸಗಾರರು ಅವರೇ, ಮೇಜುಗಳು ಅವೇ. ತಾಯಿಯ ಹೆಸರು ಬೇರೆ. ಆದರೆ ಯುನಿಕ್ಸಿನ ದತ್ತಕ ಇದಕ್ಕಿಂತ ಸರಳವೆನ್ನಬೇಕು. ಬ್ಯಾಂಕಿನ ವಿಲೀನದಲ್ಲಿ ಗ್ರಾಹಕರ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಮಾರ್ಚ್ 1ರಿಂದ ನಡೆಯದಂತಾದವು. ಯುನಿಕ್ಸಿನಲ್ಲಿ ಅನಾಥ ಮಗುವಿನ ವಿಳಾಸ ಮೊದಲಿನದೇ.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಸ್ಥಿತಿ ಇದೆ. ಮಗು ಸತ್ತಿದೆ, ತಾಯಿ ಬದುಕಿದ್ದಾಳೆ, ಆದರೆ ಮಗುವಿನ ಅಂತಿಮ ವರದಿಯನ್ನು ಕೈಗೆತ್ತಿಕೊಂಡಿಲ್ಲ. ಆಗ ಆ ಮಗು ಪಟ್ಟಿಯಲ್ಲಿ ‘ಡಿಫಂಕ್ಟ್’ ಎಂಬ ಟಿಪ್ಪಣಿಯೊಡನೆ ಉಳಿದುಬಿಡುತ್ತದೆ. ಆಂಗ್ಲರು ಇದಕ್ಕೆ ಝಾಂಬಿ ಎನ್ನುತ್ತಾರೆ. ನಮ್ಮಲ್ಲಿ ಪ್ರೇತ ಎನ್ನುವುದೇ ಹೆಚ್ಚು ನಿಖರ, ಏಕೆಂದರೆ ಕೊರತೆಯಿರುವುದು ಅಂತ್ಯಕ್ರಿಯೆಯದು. ಪ್ರೇತವನ್ನು ಕಿಲ್ ಆದೇಶದಿಂದ ಕೊಲ್ಲಲಾಗದು, ಸತ್ತವನನ್ನು ಮತ್ತೆ ಕೊಲ್ಲುವುದು ಹೇಗೆ? ಅದು ಸ್ಮೃತಿಯನ್ನು ಹೆಚ್ಚೇನೂ ತಿನ್ನುವುದಿಲ್ಲ, ಆದರೆ ಒಂದು ಸಂಖ್ಯೆಯನ್ನು ಹಿಡಿದುಕೊಂಡಿರುತ್ತದೆ. ಲಿನಕ್ಸಿನಲ್ಲಿ ಸಂಖ್ಯೆಗಳ ಮಿತಿ ಬಹುಕಾಲ 32768 ಇತ್ತು. 64 ಬಿಟ್ ಯಂತ್ರಗಳಲ್ಲಿ ಅದನ್ನು 41,94,304ರವರೆಗೆ ಏರಿಸಬಹುದು. ಪ್ರೇತಗಳು ಸಾವಿರಗಟ್ಟಲೆ ಸೇರಿ ಮಿತಿ ಮುಟ್ಟಿದರೆ ಹೊಸ ಹುಟ್ಟು ಸಾಧ್ಯವಾಗದು. ಪರಿಹಾರ ತಾಯಿಯ ಬಳಿಯೇ ಇದೆ: ಅವಳು ತನ್ನ ಕರ್ತವ್ಯ ಮಾಡಬೇಕು, ಇಲ್ಲವೇ ಅವಳನ್ನು ನಿಲ್ಲಿಸಬೇಕು. ಆಗ ಮೂಲಪುರುಷ ಆ ಪ್ರೇತಗಳನ್ನು ದತ್ತು ಪಡೆದು ಕ್ರಿಯಾಕರ್ಮ ಮುಗಿಸುತ್ತಾನೆ. ಹೀಗಾಗಿ ಇಲ್ಲಿಯೂ ಮೂರನೆಯ ಅಂಕಣವೇ ದಾರಿ ತೋರಿಸುವುದು.

ಇದು ದೊಡ್ಡ ಯಂತ್ರಗಳಿಗಷ್ಟೇ ಸೇರಿದ ವಿಷಯವಲ್ಲ. ಜಗತ್ತಿನ ಅತಿ ವೇಗದ 500 ಗಣಕಗಳ ಪಟ್ಟಿಯಲ್ಲಿರುವುದೆಲ್ಲವೂ 2017ರ ನವೆಂಬರಿನಿಂದ ಲಿನಕ್ಸನ್ನೇ ಬಳಸುತ್ತಿವೆ ಎಂಬುದು ನಿಜ. ನಮ್ಮ ಅಹ್ಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿಯೂ 2015ರಲ್ಲಿ ವಿಕ್ರಮ್-100 ಎಂಬ ಗಣಕಸಮೂಹ ಬಂದಿತು. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರು ವಿಕ್ರಂ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ಡಾಕ್ಟರೇಟಿಗೆ ದುಡಿದ ಸಂಸ್ಥೆ ಅದು. ಆದರೆ ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ಒಳಗೂ ಲಿನಕ್ಸೇ ಇದೆ. ಅಲ್ಲಿನ ಆ್ಯಪುಗಳೆಲ್ಲ ‘ಝೈಗೋಟ್’ ಎಂಬ ಒಂದು ತಾಯಿ ಪ್ರಕ್ರಿಯೆಯಿಂದ ಕವಲೊಡೆದು ಹುಟ್ಟುತ್ತವೆ. ಜೀವಶಾಸ್ತ್ರದಲ್ಲಿ ಆ ಪದಕ್ಕೆ ಫಲಿತ ಅಂಡ ಎಂದರ್ಥ. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು.

ನಮ್ಮ ಬಹುತೇಕ ಮನೆಗಳಲ್ಲಿರುವುದು ವಿಂಡೋಸ್. ಅಲ್ಲಿನ ‘ಟಾಸ್ಕ್‌ಲಿಸ್ಟ್’ ಆದೇಶ ಪ್ರಕ್ರಿಯೆಗಳನ್ನು ತೋರಿಸುತ್ತದೆಯೇ ಹೊರತು ತಾಯಿಯ ಹೆಸರು ಹೇಳುವುದಿಲ್ಲ. ಹಿಂದೆ ‘ಡಬ್ಲ್ಯುಎಂಐಸಿ’ ಎಂಬ ಆದೇಶದಿಂದ ಅದನ್ನು ಕೇಳುತ್ತಿದ್ದರು. ಅದಕ್ಕೆ ಈಗ ಮೈಕ್ರೋಸಾಫ್ಟ್ ನಿವೃತ್ತಿ ಕೊಡುತ್ತಿದೆ. ಈಗಿನ ದಾರಿ ಪವರ್‌ಶೆಲ್. ಅದರಲ್ಲಿ ‘ಗೆಟ್-ಸಿಮ್‌ಇನ್‌ಸ್ಟೆನ್ಸ್’ ಎಂಬ ಆದೇಶಕ್ಕೆ ‘ವಿನ್32_ಪ್ರಾಸೆಸ್’ ಎಂದು ಕೊಟ್ಟು ಪ್ರಕ್ರಿಯೆಯ ಸಂಖ್ಯೆ, ತಾಯಿಯ ಸಂಖ್ಯೆ, ಹೆಸರು, ಹುಟ್ಟಿದ ಸಮಯ ಇಷ್ಟನ್ನು ಆರಿಸಿಕೊಳ್ಳಬಹುದು. ಆದೇಶದ ಆಂಗ್ಲ ಕಾಗುಣಿತವನ್ನು ಮನೆಯ ಮಕ್ಕಳಿಂದ ಬರೆಸಿಕೊಂಡರೆ ಸುಲಭ. ಇಲ್ಲಿ ಒಂದು ಎಚ್ಚರ ಬೇಕು. ವಿಂಡೋಸಿನಲ್ಲಿ ದತ್ತಕವಿಲ್ಲ. ತಾಯಿ ಸತ್ತರೂ ಮಗುವಿನ ದಾಖಲೆಯಲ್ಲಿ ಹಳೆಯ ಸಂಖ್ಯೆಯೇ ಉಳಿಯುತ್ತದೆ, ಆ ಸಂಖ್ಯೆ ಮುಂದೆ ಬೇರೆ ಯಾರಿಗಾದರೂ ಸಿಗಬಹುದು. ಆದ್ದರಿಂದ ಹುಟ್ಟಿದ ಸಮಯವನ್ನು ಹೋಲಿಸಿ ನೋಡಬೇಕು. ಮಗುವಿಗಿಂತ ಚಿಕ್ಕ ವಯಸ್ಸಿನ ತಾಯಿ ಇರಲು ಸಾಧ್ಯವಿಲ್ಲ. ‘ಟಾಸ್ಕ್‌ಕಿಲ್’ ಆದೇಶಕ್ಕೆ ಓರೆಗೆರೆ ಟಿ ಸೇರಿಸಿದರೆ ಅದು ಇಡೀ ಕೊಂಬೆಯನ್ನೇ ಕಡಿಯುತ್ತದೆ ಎಂಬುದೂ ನೆನಪಿರಲಿ.

ಆರಂಭದಲ್ಲಿ ಹೇಳಿದ ಕಾರಣಕ್ಕೆ ಈಗ ಬರುತ್ತೇನೆ. ನಮ್ಮ ಹಿರಿಯರ ಖಾತೆಗಳಿಗೆ ಕನ್ನ ಹಾಕುವವರು ಕಳುಹಿಸುವ ಮಿಂಚಂಚೆಯಲ್ಲಿ ವಿದ್ಯುತ್ ಬಿಲ್ಲೋ ಪಿಂಚಣಿ ಪತ್ರವೋ ಎಂದು ಒಂದು ವರ್ಡ್ ಕಡತ ಇರುತ್ತದೆ. ಅದನ್ನು ತೆರೆದಾಗ ಪರದೆಯ ಮೇಲೆ ಸಾಮಾನ್ಯ ಪತ್ರ ಕಾಣಬಹುದು. ವಂಶಾವಳಿಯಲ್ಲಿ ಮಾತ್ರ ವರ್ಡ್ ಎಂಬ ತಾಯಿಗೆ ಪವರ್‌ಶೆಲ್ ಅಥವಾ ಕಮಾಂಡ್ ಕಿಟಕಿ ಎಂಬ ಮಗು ಹುಟ್ಟಿರುತ್ತದೆ. ಪತ್ರ ಬರೆಯುವ ತಂತ್ರಾಂಶಕ್ಕೆ ಅಂತಹ ಮಗು ಹುಟ್ಟುವುದು ಸಹಜವಲ್ಲ. ಎರಡರ ಹೆಸರೂ ಬೇರೆ ಬೇರೆಯಾಗಿ ನೋಡಿದರೆ ನಿರಪರಾಧಿಗಳೇ; ಸಂಬಂಧವನ್ನು ನೋಡಿದಾಗ ಸಂಶಯ ಮೂಡುತ್ತದೆ. ಭದ್ರತಾ ತಜ್ಞರು ಹುಡುಕುವುದೂ ಇಂತಹ ಸಂಬಂಧಗಳನ್ನೇ. ಚತುರ ಕಳ್ಳರು ತಾಯಿಯ ಸಂಖ್ಯೆಯನ್ನು ಸುಳ್ಳಾಗಿ ತೋರಿಸಬಲ್ಲರು, ಆದ್ದರಿಂದ ಪಟ್ಟಿ ಶುದ್ಧವಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ.

ಬ್ಯಾಂಕಿನಿಂದ ಮಾತನಾಡುತ್ತಿದ್ದೇವೆ ಎಂದು ನಂಬಿಸಿ ದೂರನಿಯಂತ್ರಣದ ತಂತ್ರಾಂಶ ಹಾಕಿಸುವವರ ವಿಷಯವೂ ಇದೇ. ಕರೆ ಮುಗಿದ ಮೇಲೆ ನೀವು ಆ ಕಿಟಕಿಯನ್ನು ಮುಚ್ಚುತ್ತೀರಿ. ಆದರೆ ಅದರ ಇನ್ನೊಂದು ಪ್ರತಿ ‘ಸರ್ವಿಸಸ್’ ಎಂಬ ತಾಯಿಯ ಮಡಿಲಲ್ಲಿ, ಕಿಟಕಿಯಿಲ್ಲದೆ, ಗಣಕ ಚಾಲೂ ಆದಾಗಲೆಲ್ಲ ಹುಟ್ಟುವಂತೆ ಕುಳಿತಿರಬಹುದು. ಕಿಟಕಿಯನ್ನು ಮುಚ್ಚಿದ್ದರಿಂದ ಅದಕ್ಕೆ ಏನೂ ಆಗುವುದಿಲ್ಲ.

ಹಾಗೆ ಕಂಡುಬಂದರೆ ಮೊದಲು ಅಂತರ್ಜಾಲದ ಸಂಪರ್ಕ ಕಡಿದುಹಾಕಿ. ಏನನ್ನೂ ಅಳಿಸುವ ಮುನ್ನ ಪರದೆಯ ಮೇಲಿನ ಪಟ್ಟಿಯ ಛಾಯಾಚಿತ್ರವನ್ನು ದೂರವಾಣಿಯಲ್ಲಿ ತೆಗೆದುಕೊಳ್ಳಿ. ತಾಯಿಯ ಅಂಕಣವೂ ಹುಟ್ಟಿದ ಸಮಯವೂ ಅದರಲ್ಲಿ ಸ್ಪಷ್ಟವಾಗಿ ಕಾಣುವಂತಿರಲಿ. ಬೇರೊಂದು ಸಾಧನದಿಂದ ನಿಮ್ಮ ಬ್ಯಾಂಕಿಗೆ ಕರೆ ಮಾಡಿ ಖಾತೆಯಿಂದ ಹಣ ಹೊರಹೋಗದಂತೆ ತಡೆಯಿಸಿರಿ. ಹಣ ಹೋಗಿದ್ದರೆ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ಕೂಡಲೇ ತಿಳಿಸಿ. ಬೆಳಗಾಗಲಿ ಎಂದು ಕಾಯಬೇಡಿ.